ಎಡಗಡೆ ಹಳೇದು, ಬಲಗಡೆ ಜಗಳ

“ಹಳೇ ಕೋಡು, ಹೊಸ ಕೋಡು ಅಕ್ಕಪಕ್ಕ ಇಟ್ಟು ನೋಡಿದ್ರೇನೇ ವ್ಯತ್ಯಾಸ ಕಾಣೋದು ಕಣೋ” ಅಂತ ಕನ್ನಡಕ ಶುರು ಹಚ್ಚಿಕೊಂಡ. ಅವನ ಮುಂದಿರೋದು ಎರಡು ಮಾನಿಟರ್. ಸಿದ್ಧಾಂತವೂ ಅಷ್ಟೇ ಅಗಲ.

“ನಿಂಗೇನಪ್ಪ!” ಅಂದ ಗಡ್ಡ. “ಎರಡು ಫೈಲಿನ ವ್ಯತ್ಯಾಸ ಹೇಳೋ ಡಿಫ್ ಕಮಾಂಡ್‌ಗೆ ಡ್ಯಾಶ್ ವೈ (-y) ಕೊಟ್ರೆ ಪಕ್ಕಪಕ್ಕ ತೋರಿಸತ್ತೆ, ಸರಿ. ಅಗಲ ಹೇಳದಿದ್ರೆ 130 ಅಕ್ಷರದ ಜಾಗ ಹಿಡಿಯತ್ತೆ. ಇಬ್ಬರಿಗೆ ಪಾಲು ಮಾಡಿದ್ರೆ ತಲಾ 60 ಚಿಲ್ಲರೆ. ನೀನು ಇಡೋ ಫಂಕ್ಷನ್ ಹೆಸರೇ ಅಲ್ಲಿ ಹಿಡಿಸಲ್ಲ.”

“ಕೋಡಿನ ಬದಲಾವಣೆಗಳ ಲೆಕ್ಕ ಇಡತ್ತಲ್ಲ, ಆ ಗಿಟ್ಟಲ್ಲಿ?” ಅಂದಳು ಹೊಸಬಳು.

“ಗಿಟ್ ಡಿಫ್ ತಾನಾಗೇ ಪಕ್ಕಪಕ್ಕ ತೋರಿಸಲ್ಲ. ಮೈನಸ್ ಇದ್ದದ್ದು ಹೋಯ್ತು, ಪ್ಲಸ್ ಇದ್ದದ್ದು ಬಂತು, ಅಷ್ಟೇ. ಎರಡು ಕಿಟಕಿ ಬೇಕಂದ್ರೆ ಡಿಫ್‌ಟೂಲ್ ಅಂತ ಕೊಟ್ಟು ಮೆಲ್ಡೋ ವಿಮ್‌ಡಿಫ್ಫೋ, ಅಂಥ ಬೇರೆ ಪ್ರೋಗ್ರಾಮನ್ನ ಕರೆಸಬೇಕು.”

“ಕರೆಸಿದೀನಿ. ನಾನು ಬದಲಿಸಿದ್ದು ಒಂದು ಪದ. ಫೈಲ್ ಪೂರ್ತಿ ಕೆಂಪು-ಹಸಿರು! ಎರಡೂ ಕಡೆ ಅದೇ ಸಾಲು, ಅದೇ ಅಕ್ಷರ. ಅವಳಿ ಮಕ್ಕಳು ಕೋರ್ಟು ಹತ್ತಿದ ಹಾಗಿದೆ.”

ಇಬ್ಬರೂ ಒಟ್ಟಿಗೆ “ಲೈನ್ ಎಂಡಿಂಗ್!” ಅಂತ ಕೂಗಿದರು. ಇವರಿಬ್ಬರೂ ಒಪ್ಪುವ ಏಕೈಕ ವಿಷಯ ಅದು. ವಿಂಡೋಸ್ ಸಾಲಿನ ಕೊನೆಗೆ ಎರಡು ಅಕ್ಷರ ಇಡತ್ತೆ, ಯೂನಿಕ್ಸ್ ಒಂದೇ. ಎರಡೂ ಕಣ್ಣಿಗೆ ಬೀಳಲ್ಲ, ಡಿಫ್‌ಗೆ ಮಾತ್ರ ತಪ್ಪದೇ ಬೀಳತ್ತೆ.

“ಡ್ಯಾಶ್ ಡಬ್ಲ್ಯೂ ಹಾಕು, ಖಾಲಿ ಜಾಗದ ವ್ಯತ್ಯಾಸ ಎಲ್ಲ ಮಾಯ” ಅಂದ ಕನ್ನಡಕ.

“ಪೈಥಾನ್ ಆದ್ರೆ ಹಾಕ್ಬೇಡಮ್ಮ! ಅಲ್ಲಿ ಖಾಲಿ ಜಾಗಕ್ಕೇ ಅರ್ಥ. ಒಂದು ಸಾಲು ಇಫ್ ಒಳಗಿಂದ ಆಚೆ ಬಂದು ನಿಂತ್ರೂ ಇದು ‘ಏನೂ ಆಗಿಲ್ಲ’ ಅನ್ನತ್ತೆ.”

“ನಂಗೆ ಇನ್ನೊಂದು ಸಿಟ್ಟಿದೆ. ಹೊಸ ಫಂಕ್ಷನ್ ಬರೆದೆ. ಈ ಡಿಫ್ಫು ಅದರ ಕೊನೇ ಬ್ರಾಕೆಟ್ಟನ್ನ ಮೇಲಿನ ಫಂಕ್ಷನ್ನಿಗೆ ದತ್ತು ಕೊಟ್ಟು, ಆ ಮೇಲಿನದರ ಹಳೇ ಬ್ರಾಕೆಟ್ಟನ್ನ ನಂಗೆ ಕಟ್ಟಿಬಿಟ್ಟಿದೆ!” ಅಂದಳು ಹೊಸಬಳು.

“ನೀನು ಏನು ಮಾಡಿದೆ ಅಂತ ಅದಕ್ಕೆಲ್ಲಿ ಗೊತ್ತು?” ಗಡ್ಡ ಗಡ್ಡ ನೀವಿಕೊಂಡ. “ನೀನು ಬದಲಾವಣೆ ದಾಖಲಿಸೋ ಪ್ರತಿ ಸಲ, ಅಂದ್ರೆ ಪ್ರತಿ ಕಮಿಟ್ಟಿಗೂ, ಗಿಟ್ ಆ ಹೊತ್ತಿನ ಫೈಲನ್ನ ಇಡಿಯಾಗಿ ಲೆಕ್ಕಕ್ಕೆ ಹಿಡಿಯತ್ತೆ. ವ್ಯತ್ಯಾಸ ಕಟ್ಟೋದು ನೀನು ಕೇಳಿದಾಗ. 1986ರಲ್ಲಿ ಮೈಯರ್ಸ್ ಅನ್ನೋರು ಕೊಟ್ಟ ವಿಧಾನ ಇನ್ನೂ ಅದರ ರೂಢಿ. ಅತಿ ಕಡಿಮೆ ಅಳಿಸಿ, ಅತಿ ಕಡಿಮೆ ಸೇರಿಸಿ, ಇಲ್ಲಿಂದ ಅಲ್ಲಿಗೆ ಹೋಗೋ ದಾರಿ ಹುಡುಕೋದು. ನೀನು ನಡೆದ ದಾರಿ ಅಲ್ಲ ಅದು. ಪೇಶನ್ಸ್, ಹಿಸ್ಟೋಗ್ರಾಮ್ ಅಂತ ಬೇರೆ ವಿಧಾನ ಇವೆ, ಎಷ್ಟೋ ಸಲ ಬ್ರಾಕೆಟ್ಟು ಮನೆಗೆ ಬರತ್ತೆ.”

“ನಂಗೆ ಇಷ್ಟೆಲ್ಲ ಬೇಡ. ಆ ಒಂದು ಪದ ತೋರಿಸಿ ಸಾಕು.”

“ವರ್ಡ್ ಡಿಫ್ ಕೊಡು, ಸಾಲಿನ ಬದಲು ಪದ ಪದ ತೋರಿಸತ್ತೆ.”

ಕೊಟ್ಟಳು. ಪರದೆ ಸ್ವಚ್ಛ. ಮಧ್ಯದಲ್ಲಿ ಒಂದೇ ಒಂದು ಪದ: ‘ಟ್ರೂ’ ಹೋಗಿ ‘ಫಾಲ್ಸ್’ ಬಂದಿತ್ತು.

ಕನ್ನಡಕ ಕನ್ನಡಕ ಸರಿಮಾಡಿಕೊಂಡ. “ಇದು... ಪಾಸ್‌ವರ್ಡ್ ಪರಿಶೀಲನೆ ಬೇಕೋ ಬೇಡವೋ ಅನ್ನೋ ಸಾಲಲ್ವಾ? ಟೆಸ್ಟಿಗೆ ಅಂತ ಮಾಡಿದ್ದಾ? ಮುಖ್ಯ ಕೋಡಿನ ಒಳಗೇ ಹೋಗಿಬಿಟ್ಟಿದೆಯಲ್ಲೇ! ಯಾರು ಒಪ್ಪಿಗೆ ಕೊಟ್ಟಿದ್ದು?”

“ನೀವಿಬ್ರೇ. ಸಾವಿರ ಸಾಲು ಕೆಂಪಗಿತ್ತು ನೋಡಿ, ಎರಡೇ ನಿಮಿಷಕ್ಕೆ ‘ಚೆನ್ನಾಗಿದೆ’ ಅಂತ ಬರೆದ್ರಿ.”