ಸಹಾಯ ಬೇಕು: ವಯಸ್ಕರ ಪತ್ರಿಕೆಗಳ ಹಳೆಯ ಸಂಚಿಕೆಗಳು ಮತ್ತು ಮುದ್ರಕರ ನೆನಪುಗಳು

ಗುಂಪಿನ ಹಿರಿಯರಿಗೆ ನಮಸ್ಕಾರ. ವಯಸ್ಕರ ಪತ್ರಿಕೆಗಳ ಪ್ರಕಟಣೆಯ ಇತಿಹಾಸ ಕುರಿತು ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಹೊರದೇಶದ ಭಾಗ ಕಷ್ಟವಾಗಲಿಲ್ಲ. 1953ರ ಡಿಸೆಂಬರಿನಲ್ಲಿ ಷಿಕಾಗೊದಿಂದ ಹೊರಟ 'ಪ್ಲೇಬಾಯ್'ನ ಮೊದಲ ಸಂಚಿಕೆಯ ಮೇಲೆ, ಎರಡನೆಯದು ಬಂದೀತೆಂಬ ಭರವಸೆ ಸಂಪಾದಕ ಹ್ಯೂ ಹೆಫ್ನರ್‌ಗೇ ಇಲ್ಲದ ಕಾರಣ, ತಿಂಗಳನ್ನೇ ನಮೂದಿಸಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮುಂಬಯಿಯ 'ಡೆಬೊನೇರ್' ಅದೇ ಮಾದರಿಯಲ್ಲಿ ಬಂದಿತು. ವಿನೋದ್ ಮೆಹ್ತಾ ಅದರ ಸಂಪಾದಕರಾಗಿದ್ದರು.

ತೊಡಕಿರುವುದು ಕನ್ನಡದ ಭಾಗದಲ್ಲಿ. ಮುದ್ರಕರ ಮತ್ತು ಪ್ರಕಾಶಕರ ಹೆಸರನ್ನು ಅಚ್ಚು ಮಾಡಲೇಬೇಕೆಂದು 1867ರ ಕಾಯ್ದೆ ವಿಧಿಸಿದ್ದರೂ, ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ನನ್ನ ಕೈಗೆ ಸಿಕ್ಕ ನಾಲ್ಕು ಸಂಚಿಕೆಗಳಲ್ಲಿ ಒಂದರಲ್ಲೂ ಆ ಸಾಲಿಲ್ಲ. ಅಶ್ಲೀಲ ಪ್ರಕಟಣೆಗಳ ಮಾರಾಟವನ್ನು ಅಪರಾಧವೆನ್ನುತ್ತಿದ್ದ ಅಂದಿನ ದಂಡಸಂಹಿತೆಯ 292ನೇ ಕಲಮಿನ ಭಯವಿದ್ದವರು ವಿಳಾಸ ಕೊಡುತ್ತಾರೆಯೇ! ಗ್ರಂಥಾಲಯಗಳೂ ಇಂಥವನ್ನು ಕಾಪಿಡುವ ಗೋಜಿಗೆ ಹೋದಂತಿಲ್ಲ.

ಆದ್ದರಿಂದ 1970-90ರ ನಡುವೆ ಬೆಂಗಳೂರಿನ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿದವರು, ಮೆಜೆಸ್ಟಿಕ್ ಸುತ್ತ ಪತ್ರಿಕೆ ಮಾರಿದವರು ಯಾರಾದರೂ ಪರಿಚಿತರಿದ್ದರೆ ದಯವಿಟ್ಟು ತಿಳಿಸಿ. ಬೆಲೆ, ಪ್ರತಿಗಳ ಸಂಖ್ಯೆ, ಸಾಗಣೆಯ ಬಗೆ ಇಷ್ಟೇ ನನಗೆ ಬೇಕಾದದ್ದು; ಒಳಗಿನ ಚಿತ್ರಗಳನ್ನು ದಯಮಾಡಿ ಇಲ್ಲಿ ಹಾಕಬೇಡಿ. ಮಾತನಾಡಿದವರ ಹೆಸರನ್ನು ಗುಪ್ತವಾಗಿಡುತ್ತೇನೆ.