ಮುಂಬಯಿ ಕನ್ನಡಿಗರ ಮತದಾನದ ಸಮೀಕ್ಷೆ: 400 ಜನರನ್ನು ಎಲ್ಲಿಂದ ಆರಿಸಬೇಕು?

ಸಾಂತಾಕ್ರೂಜ್_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಎಂ.ಎ. ರಾಜ್ಯಶಾಸ್ತ್ರದ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ, ಮುಂಬಯಿ ಕನ್ನಡಿಗರು ಪಾಲಿಕೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಎಷ್ಟರ ಮಟ್ಟಿಗೆ ಭಾಗವಹಿಸುತ್ತಾರೆ, ಯಾಕೆ ಎಂಬುದು. 400 ಜನ, 35 ಪ್ರಶ್ನೆ ಅಂದುಕೊಂಡಿದ್ದೇನೆ. ನಾಲ್ಕೈದು ಸಂಘಗಳ ಸದಸ್ಯರ ಪಟ್ಟಿ ಪಡೆದು ಲಾಟರಿ ಎತ್ತಿ 250 ಜನ, ಉಳಿದವರಿಗೆ ವಾಟ್ಸಾಪ್‌ನಲ್ಲಿ ಗೂಗಲ್ ಫಾರ್ಮ್. ಕೈಯಲ್ಲಿರುವುದು ನಾಲ್ಕು ತಿಂಗಳು, ಓಡಾಡಲು ಮೂವರು.

ಮೂರು ಸಂಶಯಗಳಿವೆ. ಹೆಸರುಗಳನ್ನು ಆರಿಸುವ ಈ ಕ್ರಮ ಸರಿಯೇ? 400 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಗೈಡ್ ಕೇಳಿದರೆ ಏನು ಹೇಳಲಿ? ಯಾರಿಗೆ ಮತ ಹಾಕಿದಿರಿ ಎಂದು ಹೇಗೆ ಕೇಳಬೇಕು? ನನ್ನ 12ನೇ ಪ್ರಶ್ನೆ ಹೀಗಿದೆ: "ಕನ್ನಡ ಶಾಲೆಗಳ ಮತ್ತು ಕನ್ನಡಿಗರ ಹಿತ ಕಾಯದ ಪಕ್ಷಗಳಿಗೆ ಮತ ಹಾಕಬಾರದು ಎಂದು ನಿಮಗೆ ಅನಿಸುತ್ತದೆಯೇ?" ಇದಕ್ಕೂ ಅಭಿಪ್ರಾಯ ಬೇಕು.

ದೇವನಾರ್_ಕ್ಷೇತ್ರಕಾರ್ಯ

ಸಂಘಗಳ ಪಟ್ಟಿಯನ್ನು ಕೈಬಿಡಿ. ನಾಲ್ಕು ಜನರ ನಡುವೆ ಓಡಾಡುವ, ಚಂದಾ ಕಟ್ಟುವ, ಸಭೆಗೆ ಬರುವ ಅಭ್ಯಾಸ ಇರುವವರೇ ಸಂಘದ ಸದಸ್ಯರಾಗುತ್ತಾರೆ. ನೀವು ಅಳೆಯಹೊರಟಿರುವುದೂ ಅದೇ ಅಭ್ಯಾಸವನ್ನು. ಭಾಗವಹಿಸುವವರ ಪಟ್ಟಿಯಿಂದಲೇ ಹೆಸರು ಎತ್ತಿ "ಕನ್ನಡಿಗರು ಚೆನ್ನಾಗಿ ಭಾಗವಹಿಸುತ್ತಾರೆ" ಎಂದು ಬರೆದರೆ ಅದು ಪಟ್ಟಿಯ ಗುಣವೇ ಹೊರತು ಜನರ ಗುಣವಲ್ಲ. ಲಾಟರಿ ಎಷ್ಟು ಶುದ್ಧವಾಗಿದ್ದರೂ ಈ ದೋಷ ಹೋಗುವುದಿಲ್ಲ. ಜೊತೆಗೆ ನಮ್ಮ ಸಂಘಗಳಲ್ಲಿ ಬಹಳಷ್ಟು ಸಮುದಾಯವಾರು ಕಟ್ಟಿಕೊಂಡವು. ಯಾವ ಕಾರ್ಯದರ್ಶಿ ಪಟ್ಟಿ ಕೊಟ್ಟರು, ಯಾರು ಕೊಡಲಿಲ್ಲ ಎಂಬುದರ ಮೇಲೆ ನಿಮ್ಮ ಮಾದರಿಯ (ಸಮೀಕ್ಷೆಗೆ ಆರಿಸಿದ ಜನರ) ಜಾತಿವಾರು ಪ್ರಮಾಣ ನಿಂತುಬಿಡುತ್ತದೆ. ವಾಟ್ಸಾಪ್ ಫಾರ್ಮ್ ಇನ್ನೂ ಕಷ್ಟ: ಅದು ಎಷ್ಟು ಜನರನ್ನು ತಲುಪಿತು ಎಂದೇ ತಿಳಿಯುವುದಿಲ್ಲ, ಹಾಗಾಗಿ ಉತ್ತರಿಸಿದವರ ಪ್ರಮಾಣವನ್ನು ಲೆಕ್ಕ ಹಾಕಲು ಛೇದವೇ ಇರುವುದಿಲ್ಲ.

ಅದಕ್ಕಿಂತ ಮೊದಲು, ನಿಮ್ಮ ಅಧ್ಯಯನದಲ್ಲಿ ಕನ್ನಡಿಗ ಯಾರು ಎಂದು ಒಂದು ವಾಕ್ಯದಲ್ಲಿ ಬರೆದಿಡಿ. ಜನಗಣತಿಯ ಮಾತೃಭಾಷೆಯ ಕೋಷ್ಟಕದಲ್ಲಿ (ಸಿ-16; ಪ್ರಕಟವಾದದ್ದರಲ್ಲಿ ಕೊನೆಯದು 2011ರದು) ತುಳು ಕನ್ನಡದಿಂದ ಬೇರೆ, ಕೊಂಕಣಿಯೂ ಬೇರೆ, ಲಂಬಾಣಿ ಹಿಂದಿಯ ಗುಂಪಿನೊಳಗೆ. ಮನೆಯಲ್ಲಿ ತುಳು ಆಡಿ ಕನ್ನಡ ಪತ್ರಿಕೆ ಓದುವ ಕುರ್ಲಾದ ಕುಟುಂಬವಾಗಲಿ, ವಿಜಯಪುರದಿಂದ ಬಂದು ನಾಕಾದಲ್ಲಿ (ಕೂಲಿಯವರು ಸೇರುವ ರಸ್ತೆಕೂಡಿನಲ್ಲಿ) ಕೆಲಸಕ್ಕೆ ನಿಲ್ಲುವ ಲಂಬಾಣಿ ಕಾರ್ಮಿಕನಾಗಲಿ ಕನ್ನಡದ ಸಾಲಿನಲ್ಲಿ ಕಾಣದೇ ಇರಬಹುದು. ಆದ್ದರಿಂದ ಮೂರು ಬೇರೆ ಪ್ರಶ್ನೆ ಇಡಿ: ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ, ಓದಲು ಬರುವ ಭಾಷೆಗಳು, ಕುಟುಂಬದ ಮೂಲ ಜಿಲ್ಲೆ. ಒಳಗೆ ಯಾರು, ಹೊರಗೆ ಯಾರು ಎಂಬ ನಿಯಮವನ್ನು ಮೊದಲೇ ಬರೆಯಿರಿ. ದತ್ತಾಂಶ ಬಂದ ಮೇಲೆ ನಿಯಮ ಮಾಡಿದರೆ ಫಲಿತಾಂಶಕ್ಕೆ ತಕ್ಕಂತೆ ಗೆರೆ ಎಳೆದಂತಾಗುತ್ತದೆ.

ಇನ್ನು ಪಟ್ಟಿ. ಹೆಸರು ಎತ್ತಲು ಕೈಗೆಟಕುವ ಒಳ್ಳೆಯ ಚೌಕಟ್ಟು ಮತದಾರರ ಪಟ್ಟಿಯೇ. ಮಹಾರಾಷ್ಟ್ರದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಭಾಗವಾರು (ಒಂದು ಮತಗಟ್ಟೆಯ ಪಟ್ಟಿ ಒಂದು ಭಾಗ) ಪಿಡಿಎಫ್ ಸಿಗುತ್ತದೆ. ಅದು ಚಿತ್ರರೂಪದ್ದು, ಹುಡುಕು ಗುಂಡಿ ಕೆಲಸ ಮಾಡುವುದಿಲ್ಲ, ಕಣ್ಣಲ್ಲೇ ಓದಬೇಕು. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಇರುತ್ತವೆ, ಭಾಷೆ ಇರುವುದಿಲ್ಲ. ಇಲ್ಲಿ ಎಲ್ಲರೂ ಎಡವುವುದು ಅಡ್ಡಹೆಸರು ನೋಡಿ ಆರಿಸುವುದರಲ್ಲಿ. ಪೂಜಾರಿ, ಕೋಟ್ಯಾನ್, ಸಾಲಿಯಾನ್, ಬಂಗೇರ ಕೂಡಲೇ ಕಣ್ಣಿಗೆ ಬೀಳುತ್ತವೆ. ಪಾಟೀಲ, ಕುಲಕರ್ಣಿ, ದೇಸಾಯಿ, ರಾಠೋಡ ಮರಾಠಿಯೋ ಕನ್ನಡವೋ ಹೇಳಲಾಗದು. ಹೀಗೆ ಆರಿಸಿದರೆ ಕರಾವಳಿಯವರು ತುಂಬಿಕೊಂಡು ಕಲಬುರಗಿ, ವಿಜಯಪುರ, ಬೆಳಗಾವಿಯವರು ಸದ್ದಿಲ್ಲದೆ ಉದುರಿಹೋಗುತ್ತಾರೆ. ಅಡ್ಡಹೆಸರನ್ನು ಒಂದೇ ಕೆಲಸಕ್ಕೆ ಬಳಸಿ: ಯಾವ ಭಾಗಗಳಲ್ಲಿ ಕನ್ನಡಿಗರು ದಟ್ಟವಾಗಿರಬಹುದು ಎಂಬ ಅಂದಾಜಿಗೆ. ಅಲ್ಲಿಂದ ಮುಂದೆ ಆ ಭಾಗದ ಪ್ರತಿ ಮನೆಯಲ್ಲೂ ಭಾಷೆಯನ್ನು ಬಾಯಿಬಿಟ್ಟು ಕೇಳಬೇಕು.

ಪಟ್ಟಿಯ ಕೊನೆಯ ಪುರವಣಿಯನ್ನು ಬಿಡಬೇಡಿ. ಹೊಸ ಸೇರ್ಪಡೆಗಳು ಅಲ್ಲಿರುತ್ತವೆ, ರದ್ದಾದ ಹೆಸರುಗಳೂ ಅಲ್ಲೇ. ಅದನ್ನು ಬಿಟ್ಟರೆ 18-20ರ ವಯಸ್ಸಿನವರೇ ಹೆಚ್ಚಾಗಿ ಕಾಣೆಯಾಗುತ್ತಾರೆ.

ಪುಣೆ_ಅಂಕಿಅಂಶ

400ರ ಮೂಲ ನನಗೆ ಗೊತ್ತು. ಅದು ಯಮಾನೆ ಸೂತ್ರ: ಒಟ್ಟು ಜನಸಂಖ್ಯೆಯನ್ನು, 1 ಕೂಡಿಸು ಜನಸಂಖ್ಯೆ ಗುಣಿಸು ದೋಷಮಿತಿಯ ವರ್ಗ, ಇದರಿಂದ ಭಾಗಿಸುವುದು. ದೋಷಮಿತಿ ಎಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂಬುದು, ಇಲ್ಲಿ 5%, ಅಂದರೆ 0.05. ಜನಸಂಖ್ಯೆ ಲಕ್ಷಗಳಲ್ಲಿದ್ದರೆ ಉತ್ತರ ಯಾವಾಗಲೂ 1/0.0025ರ ಹತ್ತಿರ, ಅಂದರೆ 400. ನಮ್ಮ ವಿಶ್ವವಿದ್ಯಾಲಯಗಳ ಎಷ್ಟೋ ಪ್ರಬಂಧಗಳಲ್ಲಿ ಇದೇ ಸಂಖ್ಯೆ ಕೂತಿರುವುದಕ್ಕೆ ಕಾರಣ ಇದೇ. 95% ವಿಶ್ವಾಸಮಟ್ಟಕ್ಕೆ ಬಳಸುವ 1.96ರ ಬದಲು 2 ಎಂದು ಹಿಡಿದದ್ದರಿಂದ 384 ಹೋಗಿ 400 ಆಗಿದೆ, ಅಷ್ಟೇ. ಆದರೆ ಈ ಲೆಕ್ಕ ನಡೆಯುವುದು ಇಡೀ ಊರಿನಿಂದ ಒಬ್ಬೊಬ್ಬರನ್ನೇ ಸರಳ ಯಾದೃಚ್ಛಿಕವಾಗಿ (ಎಲ್ಲರಿಗೂ ಸಮಾನ ಅವಕಾಶದ ಲಾಟರಿಯಂತೆ) ಆರಿಸಿದಾಗ ಮಾತ್ರ. ನೀವು ಕೆಲವು ಮತಗಟ್ಟೆಗಳ ಭಾಗಗಳನ್ನು ಆರಿಸಿ ಅಲ್ಲಿ ಹಲವರನ್ನು ಮಾತಾಡಿಸುತ್ತೀರಿ. ಒಂದೇ ಚಾಳದ, ಒಂದೇ ಸೊಸೈಟಿಯ ಜನ ರಾಜಕೀಯದಲ್ಲಿ ಒಬ್ಬರನ್ನೊಬ್ಬರು ಹೋಲುತ್ತಾರೆ. ಆದ್ದರಿಂದ 20ನೆಯವರು ಕೊಡುವ ಹೊಸ ಮಾಹಿತಿ ಮೊದಲನೆಯವರು ಕೊಟ್ಟಷ್ಟಿರುವುದಿಲ್ಲ.

ಇದನ್ನು ಲೆಕ್ಕಕ್ಕೆ ತರುವುದು ವಿನ್ಯಾಸ ಪರಿಣಾಮ: 1 + (ಒಂದು ಭಾಗದ ಸಂದರ್ಶನಗಳು − 1) × ಒಳಹೋಲಿಕೆಯ ಗುಣಾಂಕ (ಒಂದೇ ಭಾಗದವರು ಎಷ್ಟು ಹೋಲುತ್ತಾರೆ ಎಂಬ ಅಳತೆ). ಗುಣಾಂಕ 0.05 ಎಂದುಕೊಳ್ಳಿ. 20 ಭಾಗಗಳಲ್ಲಿ ತಲಾ 20 ಜನ ಆದರೆ 1 + 19 × 0.05 = 1.95, ನಿಮ್ಮ 400 ನಿಜವಾಗಿ 205ಕ್ಕೆ ಸಮ, ದೋಷಮಿತಿ ±4.9% ಅಲ್ಲ, ±6.8%. ಅದೇ 400 ಅನ್ನು 40 ಭಾಗಗಳಲ್ಲಿ ತಲಾ 10ರಂತೆ ಹಂಚಿದರೆ ಪರಿಣಾಮ 1.45, 276ಕ್ಕೆ ಸಮ, ±5.9%. ಗೈಡ್‌ಗೆ ಈ ಸಾಲುಗಳನ್ನೇ ತೋರಿಸಿ. ಭಾಗಗಳು ಹೆಚ್ಚಿರಲಿ, ಭಾಗಕ್ಕೆ ಜನ ಕಡಿಮೆ ಇರಲಿ.

ಈಗ ಬಾಗಿಲುಗಳ ಲೆಕ್ಕ. ನೂರು ಮನೆಯಲ್ಲಿ 4 ಕನ್ನಡದ ಮನೆ ಇರುವ ಕಡೆ 400 ಸಂದರ್ಶನಕ್ಕೆ 10,000 ಬಾಗಿಲು. ಹತ್ತರಲ್ಲಿ ಆರು ಮನೆಯವರು ಮಾತ್ರ ಉತ್ತರಿಸಿದರೆ 16,700ರ ಹತ್ತಿರ. ನೂರಕ್ಕೆ 25 ಇರುವ ಕಡೆ ಸುಮಾರು 2,700 ಸಾಕು. ಆದ್ದರಿಂದ ಎಲ್ಲರೂ ದಟ್ಟ ಪ್ರದೇಶಕ್ಕೇ ಹೋಗುತ್ತಾರೆ, ನೀವೂ ಹೋಗುತ್ತೀರಿ. ಆದರೆ ಆಮೇಲೆ ತೂಕ (ಆರಿಸಿದ ಒಬ್ಬರು ಎಷ್ಟು ಜನರ ಪರವಾಗಿ ನಿಲ್ಲುತ್ತಾರೆ ಎಂಬ ಸಂಖ್ಯೆ) ಕೊಡದೆ ಎರಡೂ ಕಡೆಯ ಉತ್ತರಗಳನ್ನು ಬೆರೆಸಬಾರದು. ದಟ್ಟ ಕಡೆ 20ರಲ್ಲಿ ಒಬ್ಬರು, ವಿರಳ ಕಡೆ 200ರಲ್ಲಿ ಒಬ್ಬರು ಎಂದು ಆರಿಸಿದ್ದರೆ ತೂಕ 20 ಮತ್ತು 200. 300 ಜನ ದಟ್ಟದಿಂದ, 100 ಜನ ವಿರಳದಿಂದ ಬಂದಿದ್ದರೆ, ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸಿ ನೋಡಿ: 26,000 × 26,000 ÷ 41,20,000 = 164. ತೂಕದ ಏರುಪೇರಿನಿಂದಲೇ 400 ಹೋಗಿ 164 ಆಯಿತು. ಇಷ್ಟು ದೊಡ್ಡ ಅಂತರದ ತೂಕ ಇಟ್ಟುಕೊಂಡು ನಗರಕ್ಕೆಲ್ಲ ಒಂದೇ ಅಂದಾಜು ಕೊಡುವುದಕ್ಕಿಂತ, ಬೃಹನ್ಮುಂಬಯಿಯ 36 ವಿಧಾನಸಭಾ ಕ್ಷೇತ್ರಗಳಲ್ಲಿ ಎರಡನ್ನು ಹಿಡಿದು, ಶೀರ್ಷಿಕೆಯಲ್ಲೇ ಅವುಗಳ ಹೆಸರು ಹಾಕಿ, ಅವುಗಳ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುವುದು ಉತ್ತಮ.

ಡೊಂಬಿವಲಿ_ಸಮೀಕ್ಷಕಿ

ತಂಗಿ, 12ನೇ ಪ್ರಶ್ನೆ ಹಾಗೆಯೇ ಇಟ್ಟರೆ ಬಹುಪಾಲು ಜನ "ಹೌದು" ಅನ್ನುತ್ತಾರೆ. ಶಾಲೆ ಒಂದು ವಿಷಯ, ಜನರ ಹಿತ ಇನ್ನೊಂದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟಿದ್ದೀರಿ. "ಮತ ಹಾಕಬಾರದು" ಎಂಬಲ್ಲಿ ಉತ್ತರವನ್ನು ನೀವೇ ಬಾಯಿಗಿಟ್ಟಿದ್ದೀರಿ. ಎರಡು ಹೇಳಿಕೆ ಕೊಡಿ: "ಮತ ಹಾಕುವಾಗ ಪಾಲಿಕೆಯ ಕನ್ನಡ ಶಾಲೆಗಳ ಬಗ್ಗೆ ಅಭ್ಯರ್ಥಿಯ ನಿಲುವು ನನಗೆ ಮುಖ್ಯ", "ನೀರು, ರಸ್ತೆ, ಮನೆ ಇಂಥವೇ ಮುಖ್ಯ". ಯಾವುದು ನಿಮ್ಮ ಅಭಿಪ್ರಾಯಕ್ಕೆ ಹತ್ತಿರ ಎಂದು ಕೇಳಿ. ಅರ್ಧದಷ್ಟು ಪ್ರಶ್ನಾವಳಿಗಳಲ್ಲಿ ಮೊದಲನೆಯದು ಮೇಲಿರಲಿ, ಉಳಿದವುಗಳಲ್ಲಿ ಕೆಳಗಿರಲಿ. ಭಾಷೆ, ಊರು, ಸಂಘದ ಪ್ರಶ್ನೆಗಳು ಮತದಾನದ ಪ್ರಶ್ನೆಗಳ ನಂತರ ಬರಬೇಕು. ಮೊದಲೇ "ನೀವು ಕನ್ನಡಿಗರೇ" ಎಂದು ಹತ್ತು ನಿಮಿಷ ಮಾತಾಡಿಸಿದರೆ ಮುಂದಿನ ಉತ್ತರಗಳೆಲ್ಲ ಆ ಬಣ್ಣಕ್ಕೆ ತಿರುಗುತ್ತವೆ. ಆರಿಸಲು ಬೇಕಾದ ಭಾಷೆಯ ಒಂದು ಪ್ರಶ್ನೆ ಮಾತ್ರ ಬಾಗಿಲಲ್ಲಿ, ಬೇರೆ ನಾಲ್ಕು ಪ್ರಶ್ನೆಗಳ ನಡುವೆ ಬಂದು ಹೋಗಲಿ.

ಯಾರಿಗೆ ಮತ ಎಂಬುದಕ್ಕೆ ಬಾಯಿಮಾತು ಬೇಡ. ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ನವರ ಚುನಾವಣಾ ಅಧ್ಯಯನಗಳಲ್ಲಿ ಮಾಡುವಂತೆ ಡಮ್ಮಿ ಮತಪತ್ರ ಮತ್ತು ಪೆಟ್ಟಿಗೆ ಬಳಸಿ. ಪಕ್ಷದ ಹೆಸರು ಮತ್ತು ಚಿಹ್ನೆ ಎರಡೂ ಮುದ್ರಿಸಿ, "ನೋಟಾ" ಮತ್ತು "ಹೇಳಲು ಇಷ್ಟವಿಲ್ಲ" ಸೇರಿಸಿ, ಅವರೇ ಗುರುತು ಹಾಕಿ ಮಡಿಸಿ ಪೆಟ್ಟಿಗೆಗೆ ಹಾಕಲಿ. ನೀವು ಆ ಕಡೆ ನೋಡಬೇಡಿ. ಪ್ರಶ್ನಾವಳಿಯ ಜೊತೆ ಜೋಡಿಸಲು ಹಿಂಬದಿಯಲ್ಲಿ ಕ್ರಮಸಂಖ್ಯೆ ಬೇಕಾಗುತ್ತದೆ. ಅದು ಯಾಕಿದೆ ಎಂದು ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಸಂಖ್ಯೆಗೂ ಹೆಸರಿಗೂ ನಂಟು ಇರುವ ಹಾಳೆ ಬೇರೆ ಕಡೆ ಇರಲಿ, ಜೋಡಿಸಿ ಮುಗಿದ ಮೇಲೆ ಅದನ್ನು ನಾಶಮಾಡಿ.

"ಮತ ಹಾಕಿದಿರಾ" ಎಂಬುದರಲ್ಲಿ ಹಾಕದವರೂ "ಹಾಕಿದೆ" ಅನ್ನುವುದು ಎಲ್ಲ ದೇಶಗಳಲ್ಲೂ ಕಂಡದ್ದೇ. "ಕೆಲವರಿಗೆ ಕೆಲಸ, ಪ್ರಯಾಣ, ಪಟ್ಟಿಯಲ್ಲಿ ಹೆಸರಿಲ್ಲದಿರುವುದು, ಹೀಗೆ ನಾನಾ ಕಾರಣಕ್ಕೆ ಆಗುವುದಿಲ್ಲ, ನಿಮಗೆ ಹೇಗಾಯಿತು?" ಎಂದು ದಾರಿ ಬಿಟ್ಟು ಕೇಳಿ. 2017ರ ಪಾಲಿಕೆ ಚುನಾವಣೆಯಲ್ಲಿ ಮತದಾನ ಸುಮಾರು 55%. ಆ ಚುನಾವಣೆಯ ಬಗ್ಗೆ ಕೇಳಿದಾಗ ನಿಮ್ಮ ಮಾದರಿಯಲ್ಲಿ 85% ಬಂದರೆ, ಕನ್ನಡಿಗರು ಜಾಗೃತರು ಎಂದು ಬರೆಯುವ ಮೊದಲು ನಿಮ್ಮ ಪ್ರಶ್ನೆಯನ್ನೂ ಮಾದರಿಯನ್ನೂ ಅನುಮಾನಿಸಿ. ಅಷ್ಟು ಹಿಂದಿನದನ್ನು ನೆನಪಿಸಿಕೊಳ್ಳುವಾಗ ಗೆದ್ದವರ ಕಡೆಗೆ ನೆನಪು ವಾಲುತ್ತದೆ ಎಂಬುದೂ ಮನಸ್ಸಿನಲ್ಲಿರಲಿ.

ಸೊಸೈಟಿಗಳಿಗೆ ಹೋಗುವ ಎರಡು ದಿನ ಮೊದಲು ಕಾರ್ಯದರ್ಶಿಗೆ ವಿಭಾಗದ ಮೊಹರಿರುವ ಪತ್ರ ಕೊಡಿ. ವಾಚ್‌ಮನ್ ಗೇಟಿನಲ್ಲಿ ತಡೆದರೆ ಆ ಕಟ್ಟಡವೇ ಕೈತಪ್ಪುತ್ತದೆ, ಆಗ ಮಾದರಿಯಲ್ಲಿ ಚಾಳಿನವರು ಮಾತ್ರ ಉಳಿಯುತ್ತಾರೆ.

ಸಾಂತಾಕ್ರೂಜ್_ವಿದ್ಯಾರ್ಥಿನಿ

ತುಂಬಾ ಧನ್ಯವಾದ. ಎರಡು ಕ್ಷೇತ್ರಕ್ಕೆ ಇಳಿಸುತ್ತೇನೆ. ಆದರೆ ಹೋಟೆಲ್ ಕೆಲಸಗಾರರು? ಹೋಟೆಲಿನಲ್ಲೇ ಮಲಗುವವರು ಎಷ್ಟೋ ಜನ, ಅವರ ಹೆಸರು ಇಲ್ಲಿಯ ಪಟ್ಟಿಯಲ್ಲಿ ಇರುವುದೇ ಇಲ್ಲ. ಇನ್ನೊಂದು: ಫಾರಂ 20ರಲ್ಲಿ ಮತಗಟ್ಟೆವಾರು ಫಲಿತಾಂಶ ಸಿಗುತ್ತದಲ್ಲ, ಕನ್ನಡಿಗರು ಹೆಚ್ಚಿರುವ ಮತಗಟ್ಟೆಗಳನ್ನು ನೋಡಿಯೇ ಅವರ ಒಲವು ಹೇಳಬಹುದೇ?

ಪುಣೆ_ಅಂಕಿಅಂಶ

ಫಾರಂ 20ರಿಂದ ಮತಗಟ್ಟೆಯ ಬಗ್ಗೆ ಹೇಳಬಹುದು, ವ್ಯಕ್ತಿಗಳ ಬಗ್ಗೆ ಹೇಳಲಾಗದು. ಅಮೆರಿಕದ 1930ರ ಜನಗಣತಿ ಹಿಡಿದು ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ತೋರಿಸಿದ್ದು ಇದನ್ನೇ. ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚಿತ್ತು. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲೇ ಸಾಕ್ಷರತೆ ಕಡಿಮೆ. ಅವರು ನೆಲೆಸಿದ್ದು ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ ಎಂಬುದೇ ಕಾರಣ. ನಿಮ್ಮಲ್ಲೂ ಅದೇ ಆಗಬಹುದು: 30% ಕನ್ನಡಿಗರಿರುವ ಮತಗಟ್ಟೆಯಲ್ಲಿ ಒಂದು ಪಕ್ಷಕ್ಕೆ 60% ಬಂದರೆ, ಅದು ಅಷ್ಟೂ ಉಳಿದ 70% ಜನರದ್ದೇ ಆಗಿರಲು ಸಾಧ್ಯ. ಫಾರಂ 20 ಅನ್ನು ಭಾಗಗಳನ್ನು ಆರಿಸಲು ಬಳಸಿ: ಮತದಾನದ ಪ್ರಮಾಣದ ಪ್ರಕಾರ ಭಾಗಗಳನ್ನು ಸಾಲಾಗಿ ಜೋಡಿಸಿ, ಸಮಾನ ಅಂತರದಲ್ಲಿ ಎತ್ತಿ. ಆಗ ಹೆಚ್ಚು, ಕಡಿಮೆ ಎರಡೂ ಬಗೆಯ ಭಾಗಗಳು ತಾವಾಗಿ ಬರುತ್ತವೆ. ಭಾಗದೊಳಗೂ ಹೀಗೆಯೇ ಸಮಾನ ಅಂತರದಲ್ಲಿ ಆರಿಸಿ.

ದೇವನಾರ್_ಕ್ಷೇತ್ರಕಾರ್ಯ

ಹೋಟೆಲ್ ಕೆಲಸಗಾರರ ಪ್ರಶ್ನೆ ಬಹಳ ಒಳ್ಳೆಯದು. ಅವರಲ್ಲಿ ಹಲವರ ಮತ ಇನ್ನೂ ಕುಂದಾಪುರ, ಬೈಂದೂರಿನ ಕಡೆಯೇ ಇರುತ್ತದೆ. ಅವರನ್ನು 400ರೊಳಗೆ ತುರುಕಬೇಡಿ, ಪಕ್ಕದಲ್ಲಿ ಒಂದು ಸಣ್ಣ ಬೇರೆ ಅಧ್ಯಯನ ಮಾಡಿ. ಪಟ್ಟಿಯೇ ಇಲ್ಲದ ಜನರಿಗಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ಹೆಕಥಾರ್ನ್ 1997ರಲ್ಲಿ ಕೊಟ್ಟ ಕೂಪನ್ ವಿಧಾನವಿದೆ: ಆರೇಳು ಬೇರೆ ಬೇರೆ ಹೋಟೆಲುಗಳಿಂದ ಒಬ್ಬೊಬ್ಬರಿಂದ ಆರಂಭಿಸಿ, ಪ್ರತಿಯೊಬ್ಬರಿಗೂ ಮೂರು ಕೂಪನ್, ತಮಗೆ ಪರಿಚಯವಿರುವ ಕೆಲಸಗಾರರಿಗೆ ಕೊಡಲಿ. "ಈ ಊರಲ್ಲಿ ನಿಮಗೆ ಗೊತ್ತಿರುವ ಇಂಥ ಕೆಲಸಗಾರರು ಎಷ್ಟು ಜನ" ಎಂಬ ಪ್ರಶ್ನೆ ಮರೆತರೆ ಇಡೀ ವಿಧಾನ ಬಿದ್ದುಹೋಗುತ್ತದೆ, ಯಾಕೆಂದರೆ ತೂಕ ಬರುವುದು ಅದರಿಂದಲೇ. ಕೂಪನ್‌ಗಳು ಒಂದೇ ಊರಿನ, ಒಂದೇ ಜಾತಿಯವರೊಳಗೆ ಸುತ್ತುತ್ತಿವೆಯೇ ಎಂದು ವಾರಕ್ಕೊಮ್ಮೆ ನೋಡಿ. ಹಾಗಾದರೆ ಹೊರಗಿನಿಂದ ಹೊಸಬರನ್ನು ಸೇರಿಸಿ. ಸಮಯ ಇಲ್ಲದಿದ್ದರೆ 12ರಿಂದ 15 ಜನರ ಆಳದ ಸಂದರ್ಶನ ಸಾಕು, ಶೇಕಡಾ ಲೆಕ್ಕ ಮಾತ್ರ ಕೊಡಬೇಡಿ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ, ಹೋಟೆಲಿನ ಹೊರಗೆ ಮಾತಾಡಿಸಿ. ಗಲ್ಲಾದಲ್ಲಿ ಧಣಿ ಕೂತಿರುವಾಗ ಬಂದ ಉತ್ತರ ಧಣಿಯ ಉತ್ತರವೇ.

ಟಿಪ್ಪಣಿ, ಧ್ವನಿಮುದ್ರಣಗಳ ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಮುಂಬಯಿಯಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆಯವರ ಬಳಿ ಓದಿದ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯ ಬಗ್ಗೆ ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದೇ ಕಟ್ಟಡದಲ್ಲಿದ್ದು ಬೆಂಕಿಗೆ ಹೋದವು.

ಡೊಂಬಿವಲಿ_ಸಮೀಕ್ಷಕಿ

ತಟ್ಟಿದ ಪ್ರತಿ ಬಾಗಿಲಿಗೂ ಹಾಳೆಯಲ್ಲಿ ಒಂದು ಸಾಲು ಇರಲಿ: ಪೂರ್ಣ, ಅರ್ಧ, ನಿರಾಕರಣೆ, ಬೀಗ, ಆ ಹೆಸರಿನವರು ಮನೆ ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ, ಕನ್ನಡದ ಮನೆ ಅಲ್ಲ. ಬೀಗ ಇದ್ದರೆ ಮೂರು ಸಲ ಹೋಗಿ, ಅದರಲ್ಲಿ ಒಂದು ರಾತ್ರಿ ಎಂಟರ ನಂತರ, ಒಂದು ಭಾನುವಾರ. ಪಕ್ಕದ ಮನೆಯವರನ್ನು ಬದಲಿಗೆ ತೆಗೆದುಕೊಳ್ಳಬೇಡಿ. ಹಾಗೆ ಮಾಡಿದರೆ ಹಗಲು ಮನೆಯಲ್ಲಿರುವವರೇ ತುಂಬಿಕೊಳ್ಳುತ್ತಾರೆ. ಅರ್ಧ ಗಂಟೆಯ ಪ್ರಶ್ನಾವಳಿಯಾದರೆ ಒಬ್ಬರಿಗೆ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಆಗುವುದಿಲ್ಲ, ಆ ಲೆಕ್ಕದಲ್ಲೇ ವೇಳಾಪಟ್ಟಿ ಹಾಕಿ. ಮಾದರಿಗೆ ಸೇರದ ಒಂದು ಭಾಗದಲ್ಲಿ ಮೊದಲು 30 ಮನೆ ಪೈಲಟ್ ಮಾಡಿ. "ಗೊತ್ತಿಲ್ಲ" ಎಂಬ ಉತ್ತರ ಐದರಲ್ಲಿ ಒಬ್ಬರಿಂದ ಬಂದ ಪ್ರಶ್ನೆಗಳನ್ನು ತಿದ್ದಿ. ಮತಪತ್ರದ ಕರಡು ಸಿದ್ಧವಾದಾಗ ಇಲ್ಲಿ ಹಾಕಿ, ಮುದ್ರಣಕ್ಕೆ ಕೊಡುವ ಮೊದಲು ನೋಡಿಕೊಡುತ್ತೇನೆ.