ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದೆ, ಆದರೂ ಜಾಗವಿಲ್ಲ ಎನ್ನುತ್ತದೆ!

ಚೌಕಿಮನೆ (ಉಡುಪಿ):
ಮಾರಾಯರೇ, ತಲೆ ಕೆಟ್ಟುಹೋಗಿದೆ. ಇಡೀ ರಾತ್ರಿಯ ಯಕ್ಷಗಾನ ಆಟದ ಫೋಟೊಗಳನ್ನು ತಿದ್ದಲೆಂದು ಡಾರ್ಕ್‌ಟೇಬಲ್‌ಗೆ ಹಾಕಿದರೆ ಅರ್ಧದಲ್ಲೇ ಕಂಪ್ಯೂಟರ್ ತೆವಳುತ್ತದೆ. ಆಮೇಲೆ ಒಂದು ಪಿಡಿಎಫ್ ತೆರೆದರೂ ಜಾಗವಿಲ್ಲ ಎಂಬ ಸಂದೇಶ. ಡಿಸ್ಕ್ ಅರ್ಧಕ್ಕರ್ಧ ಖಾಲಿ ಇದೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಹತ್ತಿರ ಬಂತು, ಮೇಳದವರು ಫೋಟೊ ಕೇಳುತ್ತಿದ್ದಾರೆ. ಮೊದಲು ಹೀಗಿರಲಿಲ್ಲ.

ಹಳೆಮದರ್‌ಬೋರ್ಡ್ (ಮಂಗಳೂರು):
ಐನೋಡ್ ಮುಗಿದಿದೆ, ಅನುಮಾನವೇ ಬೇಡ. ಪ್ರತಿ ಫೈಲ್‌ಗೂ ಡಿಸ್ಕ್‌ನಲ್ಲಿ ಒಂದು ದಾಖಲೆ ಬೇಕು, ಅದೇ ಐನೋಡ್. ಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಎಷ್ಟು ಫೈಲ್ ಹಿಡಿಸಬೇಕೆಂಬುದು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಥಂಬ್‌ನೇಲ್ (ಫೋಟೊದ ಪುಟ್ಟ ನಕಲು) ಎಂದರೆ ಸಾವಿರಗಟ್ಟಲೆ ಚಿಲ್ಲರೆ ಫೈಲ್‌ಗಳು. ಡಿಎಫ್ -ಐ ಆದೇಶ ಹಾಕಿ ನೋಡಿ, ಎಷ್ಟು ಐನೋಡ್ ಬಳಕೆಯಾಗಿದೆ ಎಂದು ತಿಳಿಯುತ್ತದೆ.

ಚೌಕಿಮನೆ:
ನೋಡಿದೆ. ಶೇಕಡ 4 ಮಾತ್ರ ಬಳಕೆಯಾಗಿದೆ.

ಹಳೆಮದರ್‌ಬೋರ್ಡ್:
ಅದು ವ್ಯವಸ್ಥೆಯ ಫೈಲ್‌ಗಳಿರುವ ರೂಟ್ ವಿಭಾಗದ್ದು. ನಿಮ್ಮ ಫೈಲ್‌ಗಳಿರುವ ಹೋಮ್ ವಿಭಾಗದ್ದು ನೋಡಿ. ನಮ್ಮ ಅಂಗಡಿಗೆ ಬಂದಿದ್ದ ಒಂದು ಸರ್ವರ್‌ನಲ್ಲಿ ಇದೇ ಆಗಿತ್ತು.

ಚೌಕಿಮನೆ:
ಅದೂ ಖಾಲಿಯೇ.

ಹಳೆಮದರ್‌ಬೋರ್ಡ್:
ಹಾಗಾದರೆ ಪ್ರೋಗ್ರಾಂ ಓಡುತ್ತಿರುವಾಗಲೇ ನೋಡಬೇಕು.

ಸುರತ್ಕಲ್_ಟರ್ಮಿನಲ್:
ಐನೋಡ್ ಸಾಕು ಮಾಡಿ ಮಾರಾಯರೇ. ಯಾವ ಲಿನಕ್ಸ್, ಕ್ಯಾಶ್ (ಥಂಬ್‌ನೇಲ್‌ಗಳಂಥ, ಮತ್ತೆ ಕಟ್ಟಬಹುದಾದ ಫೈಲ್‌ಗಳ ಸಂಗ್ರಹ) ಎಲ್ಲಿ ಬೀಳುತ್ತಿದೆ ಎಂದು ಯಾರೂ ಕೇಳಲಿಲ್ಲವಲ್ಲ.

ಚೌಕಿಮನೆ:
ಡೆಬಿಯನ್. ಇತ್ತೀಚೆಗೆ 13ನೇ ಆವೃತ್ತಿಗೆ ಏರಿಸಿದ್ದೇನೆ. ಹೋಮ್ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದೆ. ಅದು ನಿಧಾನವೆಂದು, ಜೋಡಿಸಿಕೊಟ್ಟ ಹುಡುಗ ಕ್ಯಾಶನ್ನು ಎಸ್‌ಎಸ್‌ಡಿಯಲ್ಲಿದ್ದ, ತಾತ್ಕಾಲಿಕ ಫೈಲ್‌ಗಳ ಫೋಲ್ಡರ್ ಆದ /ಟಿಎಂಪಿಗೆ ತಿರುಗಿಸಿದ್ದ. ರ‍್ಯಾಮ್ 8 ಜಿಬಿ. ಇದಕ್ಕೂ ಅದಕ್ಕೂ ಏನು ಸಂಬಂಧ?

ಸುರತ್ಕಲ್_ಟರ್ಮಿನಲ್:
ಇದನ್ನು ಮೊದಲೇ ಹೇಳಬಾರದಿತ್ತೇ! 13ರಿಂದ ಡೆಬಿಯನ್‌ನಲ್ಲಿ /ಟಿಎಂಪಿ ಡಿಸ್ಕ್‌ನಲ್ಲಿಲ್ಲ, ಟಿಎಂಪಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಾಗಿ ರ‍್ಯಾಮ್‌ನಲ್ಲಿದೆ. ಮಿತಿ ರ‍್ಯಾಮ್‌ನ ಅರ್ಧ, ನಿಮಗೆ 4 ಜಿಬಿ. ಥಂಬ್‌ನೇಲ್‌ಗಳು ಅದನ್ನು ತುಂಬಿಸಿದರೆ ಮೆಮೊರಿ ಸಾಲದೆ ಕಂಪ್ಯೂಟರ್ ತೆವಳುತ್ತದೆ, ಪಿಡಿಎಫ್ ತೆರೆಯುವಾಗ ಬೇಕಾಗುವ ತಾತ್ಕಾಲಿಕ ಫೈಲ್‌ಗೆ ಜಾಗ ಎಲ್ಲಿಂದ ಬರಬೇಕು? ಡಿಎಫ್ -ಎಚ್ /ಟಿಎಂಪಿ ಹಾಕಿ, ಕಾಣುತ್ತದೆ. ಸದ್ಯಕ್ಕೆ ಸಿಸ್ಟಂಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್ ಎಂಬ ಆದೇಶ ಕೊಟ್ಟು ರೀಬೂಟ್ ಮಾಡಿದರೆ /ಟಿಎಂಪಿ ಮತ್ತೆ ಡಿಸ್ಕ್‌ಗೆ ಬರುತ್ತದೆ. ಆದರೆ ಅಲ್ಲಿರುವುದು ಪ್ರತಿ ಬೂಟ್‌ನಲ್ಲಿ ಅಳಿಯುತ್ತದೆ, ಥಂಬ್‌ನೇಲ್‌ಗಳನ್ನು ದಿನವೂ ಹೊಸದಾಗಿ ಕಟ್ಟಬೇಕು. ಎಸ್‌ಎಸ್‌ಡಿಯಲ್ಲಿ ನಿಮ್ಮ ಹೆಸರಿಗೆ ಒಂದು ಫೋಲ್ಡರ್ ಮಾಡಿ, ಡಾರ್ಕ್‌ಟೇಬಲ್‌ನ ಕ್ಯಾಶ್‌ಡಿರ್ ಆಯ್ಕೆಯಲ್ಲಿ ಅದನ್ನು ತೋರಿಸುವುದೇ ಸರಿ.

ಕಾಪು_ಲೈಟ್‌ಹೌಸ್:
ಅಷ್ಟೆಲ್ಲ ಯಾಕೆ? /ವಾರ್/ಕ್ಯಾಶ್ ಇರುವುದೇ ಇದಕ್ಕೆ. ಲಿನಕ್ಸ್‌ನಲ್ಲಿ ಯಾವ ಫೋಲ್ಡರ್ ಯಾತಕ್ಕೆ ಎಂದು ಹೇಳುವ 2015ರ ಎಫ್‌ಎಚ್‌ಎಸ್ 3.0 ಓದಿ.

ಸುರತ್ಕಲ್_ಟರ್ಮಿನಲ್:
ಓದಿದ್ದೇನೆ. ಅದು ವ್ಯವಸ್ಥೆಯ ಕ್ಯಾಶ್, ತಂತ್ರಾಂಶ ಹಾಕುವ ಆಪ್ಟ್ ಇಳಿಸಿದ ಪ್ಯಾಕೇಜ್‌ಗಳಂಥವಕ್ಕೆ. ಸಾಮಾನ್ಯ ಬಳಕೆದಾರ ಅಲ್ಲಿ ಬರೆಯಲಾಗದು. ಬಳಕೆದಾರನದು ಹೋಮ್‌ನ .ಕ್ಯಾಶ್.

ಕಾಪು_ಲೈಟ್‌ಹೌಸ್:
ಹಾಗಿದ್ದರೆ /ವಾರ್/ಟಿಎಂಪಿ. ರೀಬೂಟ್ ಆದರೂ ಉಳಿಯುತ್ತದೆ.

ಸುರತ್ಕಲ್_ಟರ್ಮಿನಲ್:
ಹೊಸದಾಗಿ ಹಾಕಿದ 13ರಲ್ಲಿ 30 ದಿನ ಮುಟ್ಟದ ಫೈಲ್‌ಗಳನ್ನು ಅಲ್ಲಿಂದಲೂ ಗುಡಿಸುತ್ತದೆ. ಇವರದು ಏರಿಸಿದ್ದು, ಸದ್ಯಕ್ಕೆ ಬಚಾವ್. ಮುಂದೆ ಹೊಸದಾಗಿ ಹಾಕಿದರೆ?

ಮಣಿಪಾಲ_ರಿಗ್:
ನನ್ನದರಲ್ಲಿ 64 ಜಿಬಿ ರ‍್ಯಾಮ್, ಕ್ಯಾಶ್ ಪೂರ್ತಿ ಟಿಎಂಪಿಎಫ್‌ಎಸ್‌ನಲ್ಲೇ. ಬೆಣ್ಣೆಯಂತೆ ಓಡುತ್ತದೆ. ಯುಪಿಎಸ್ ಕೂಡ ಎರಡು.

ಚೌಕಿಮನೆ:
64 ಜಿಬಿಗೆ ದುಡ್ಡು ನೀವು ಕೊಡುತ್ತೀರಾ? ಡಿಎಫ್ ನೋಡಿದೆ, /ಟಿಎಂಪಿ ಶೇಕಡ 100. ಆ ಕ್ಯಾಶ್ ಅಳಿಸಿದರೆ ನಾನು ತಿದ್ದಿದ ಬಣ್ಣಗಳೂ ಹೋಗುತ್ತವೆಯೇ? ವೇಷದ ಕೆಂಪು ಸರಿ ಮಾಡಲು ಎರಡು ರಾತ್ರಿ ಕುಳಿತಿದ್ದೇನೆ.

ಸುರತ್ಕಲ್_ಟರ್ಮಿನಲ್:
ಇಲ್ಲ. ತಿದ್ದುಪಡಿಗಳು ಹೋಮ್‌ನ .ಕಾನ್ಫಿಗ್ ಒಳಗಿನ ಡೇಟಾಬೇಸ್‌ನಲ್ಲಿರುತ್ತವೆ, ಫೋಟೊಗಳ ಪಕ್ಕದ ಎಕ್ಸ್‌ಎಂಪಿ ಫೈಲ್‌ಗಳಲ್ಲೂ ಇರುತ್ತವೆ. ಬ್ಯಾಕಪ್‌ಗೆ ಅವು ಬೇಕು, ಕ್ಯಾಶ್ ಬೇಡ.

ಹಳೆಮದರ್‌ಬೋರ್ಡ್:
ಟಿಎಂಪಿಎಫ್‌ಎಸ್‌ಗೂ ಐನೋಡ್ ಮಿತಿ ಇದೆ, ಗೊತ್ತಿರಲಿ.

ಮಣಿಪಾಲ_ರಿಗ್:
ಯಾವ ಯುಪಿಎಸ್ ಎಂದು ಯಾರೂ ಕೇಳಲಿಲ್ಲ.